ಅರವತ್ತನೇ ಡಬ್ಬಿ

ಬೆಳಗ್ಗೆ ಕಕ್ಕಸಿನಲ್ಲಿ ಕೂತಾಗ ಕೆಳಗೆ ನೋಡಬಾರದು ಎಂಬ ನಿಯಮವನ್ನು ಕಂಪೌಂಡರ್ ತನಗೆ ತಾನೇ ಹಾಕಿಕೊಂಡು ಮೂರು ತಿಂಗಳಾಗಿತ್ತು. ಕೂತಷ್ಟು ಹೊತ್ತೂ ಅವನ ಕಣ್ಣು ಮೇಲಿನ ಬೆಳಕಿಂಡಿಯ ಕಡೆಗಿರುತ್ತಿತ್ತು. ಅಲ್ಲೊಂದು ಜೇಡ, ಕಾಲುಗಳೇ ಎಲ್ಲಾ, ಮೈ ಎಂಬುದು ನೆಪಕ್ಕೆ. ಅದೂ ಇವನನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ಎದ್ದು ನಿಂತ ಮೇಲೂ ಅವನು ಕಣ್ಣು ಕೀಳುತ್ತಿರಲಿಲ್ಲ. ಚೊಂಬು ಎಲ್ಲಿದೆ, ಬಕೆಟ್ಟು ಎಲ್ಲಿದೆ ಎಂದು ಕೈಗೇ ಗೊತ್ತು. ಒಂದು ಚೊಂಬು, ಎರಡು, ಮೂರು, ಆಮೇಲೆ ಇರಲಿ ಎಂದು ಇನ್ನೆರಡು. ಆರೋಗ್ಯ ಕೇಂದ್ರದ ಜಗಲಿಯಲ್ಲಿ ನಿಂತು, ಐವತ್ತು ದಾಟಿದವರು ಯಾರು ಸಿಕ್ಕರೂ ತಡೆದು, “ನೀರು ಹಾಕೋಕೆ ಮುಂಚೆ ಒಂದ್ಸಲ ಬಗ್ಗಿ ನೋಡಿ, ನೋಡಿದ್ರೆ ಕಣ್ಣೇನೂ ಸವೆಯಲ್ಲ” ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದವನು ಇವನೇ. ಹಾಗೆ ಹೇಳುವಾಗ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದೊಂದು ವಿಚಿತ್ರ. ನಡುಗಿದ್ದರೆ ತನ್ನ ಬಗ್ಗೆ ತನಗೇ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತೇನೋ.

“ರೀ, ಒಳಗೇ ಸಂಸಾರ ಹೂಡಿದ್ರಾ?” ಬಾಗಿಲಿನಾಚೆ ಹೆಂಡತಿಯ ದನಿ. “ಇವಳಿಗೆ ಕಾಲೇಜಿಗೆ ಹೊತ್ತಾಯ್ತು.”

“ಬಂದೆ, ಬಂದೆ.”

“ಬಂದೆ ಬಂದೆ ಅಂತ ಅಲ್ಲೇ ಇದೀರಲ್ಲ.”

“ಬಿಡಮ್ಮಾ,” ಎಂದಳು ಮಗಳು. “ಅಪ್ಪ ಊರಿಗೆಲ್ಲಾ ಹೇಳೋ ಪಾಠ ಒಳಗೆ ಪ್ರಾಕ್ಟೀಸ್ ಮಾಡ್ತಿರ್ತಾರೆ.”

ಕೆಂಪು ಕಂಡದ್ದು ಒಂದೇ ಒಂದು ಸಲ. ಅದೂ ಬೀಟ್‌ರೂಟ್. ಆವತ್ತು ಹೊರಗೆ ಬಂದವನೇ, “ಇವಳೇ, ನಿನ್ನೆ ಬೀಟ್‌ರೂಟ್ ಮಾಡಿದ್ಯಲ್ಲ” ಎಂದ. ಅವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ “ಕ್ಯಾರೆಟ್ಟು” ಎಂದಳು. “ಇಲ್ವೇ, ಬೀಟ್‌ರೂಟ್.” “ಮಾಡಿದೋಳು ನಾನು, ತಿಂದೋರು ನೀವು. ಕ್ಯಾರೆಟ್ಟು.” ಅವಳಿಗೆ ಮರೆವು ಶುರುವಾಗಿದೆ ಎಂದು ಕಂಪೌಂಡರ್ ಆವತ್ತೇ ತೀರ್ಮಾನಿಸಿದ. ವಯಸ್ಸಾಯಿತು, ಪಾಪ, ಐವತ್ತೊಂದು. ಅವನ ಅಣ್ಣನೂ ಹೀಗೆಯೇ ಅಂದಿದ್ದ: ಮೂಲವ್ಯಾಧಿ ಕಣೋ, ಕೂತು ಕೆಲಸ ಮಾಡೋರಿಗೆಲ್ಲಾ ಇರತ್ತೆ. ಬಸ್ಸಿನಲ್ಲಿ ಕೂರುವ ಮೊದಲು ಟವೆಲನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿಕೊಳ್ಳುತ್ತಿದ್ದ, ಯಾರಾದರೂ ನೋಡಿದರೆ ಸೀಟು ಕೊಳಕಾಗಿದೆ ಎಂದು ಮುಖ ಕಿವುಚುತ್ತಿದ್ದ. ಒಂದು ವರ್ಷ ಹಾಗೆ ಅಂದ. ಆಮೇಲೆ ಅನ್ನುವುದಕ್ಕೆ ಅವನಿರಲಿಲ್ಲ. ಆ ಟವೆಲಿನ ನೀಲಿ ಅಂಚು ಇವತ್ತಿಗೂ ಕಂಪೌಂಡರ್ ಕಣ್ಣಿಗೆ ಕಟ್ಟಿದಂತಿದೆ. ಅಣ್ಣನ ಮುಖವೇ ಒಮ್ಮೊಮ್ಮೆ ಮಸುಕಾಗುತ್ತದೆ, ಟವೆಲು ಆಗುವುದಿಲ್ಲ.

ಮನೆಯಿಂದ ಆರೋಗ್ಯ ಕೇಂದ್ರಕ್ಕೆ ಹತ್ತು ನಿಮಿಷದ ದಾರಿ. ಇತ್ತೀಚೆಗೆ ಅದು ಅರ್ಧ ಗಂಟೆಯಾಗುತ್ತಿತ್ತು, ಏಕೆಂದರೆ ಎದುರಿಗೆ ಬಂದವರು ಇವನನ್ನು ಕಂಡು ಪಕ್ಕದ ಓಣಿಗೆ ಹೊರಳುತ್ತಿದ್ದರು, ಇವನು ಅವರ ಹಿಂದೆ ಹೋಗಬೇಕಾಗುತ್ತಿತ್ತು. ಊರಿನವರು ಅವನಿಗೆ ಕಡ್ಡಿ ಕಂಪೌಂಡರ್ ಎಂದು ಹೆಸರಿಟ್ಟಿದ್ದರು. ಕಾರಣ ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಆ ಡಬ್ಬಿ. ಬೆರಳುದ್ದದ ಹಸಿರು ಡಬ್ಬಿ. ಮುಚ್ಚಳ ತಿರುಗಿಸಿ ಎಳೆದರೆ ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ. ಎರಡಕ್ಕೆ ಹೋದಾಗ ಕೆಳಗೊಂದು ಕಾಗದ ಹಿಡಿದು, ಆ ಕಡ್ಡಿಯಿಂದ ನಾಲ್ಕೈದು ಕಡೆ ಗೀರಿ, ಮತ್ತೆ ಡಬ್ಬಿಗೆ ಸಿಕ್ಕಿಸಿ, ಹೆಸರು ತಾರೀಖು ಬರೆದು ಕೊಟ್ಟರಾಯಿತು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಗೊತ್ತಾಗುತ್ತದೆ. ಕರುಳಿನ ಕ್ಯಾನ್ಸರು ಇನ್ನೂ ಚಿಗುರಾಗಿರುವಾಗಲೇ ಚಿವುಟಬಹುದು. “ನಾಲ್ಕೈದು ಕಡೆ ಗೀರಬೇಕು, ನೆನಪಿರ್ಲಿ. ರಕ್ತ ಎಲ್ಲಾ ಕಡೆ ಒಂದೇ ಸಮ ಇರಲ್ಲ. ಒಂದು ಕಡೆ ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ.” ಇದು ಅವನ ಪಾಠದ ಮುಖ್ಯ ವಾಕ್ಯ. ಇದನ್ನು ಹೇಳುವಾಗ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು.

ನೂರು ಡಬ್ಬಿ ಹಂಚಿದ್ದಾಯಿತು. ಮೊದಲ ತಿಂಗಳು ಹನ್ನೆರಡು ವಾಪಸು ಬಂದವು, ಅದರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಒಂಬತ್ತು. ದಿನಸಿ ಅಂಗಡಿಯವನು ಡಬ್ಬಿ ಚಿಕ್ಕದಾಯಿತೆಂದು ಜೇನುತುಪ್ಪದ ಬಾಟಲಿಯಲ್ಲಿ, ಧಾರಾಳವಾಗಿ, ತಂದು ಸಿಸ್ಟರ್ ಮೇಜಿನ ಮೇಲಿಟ್ಟ. ಸಿಸ್ಟರ್ ಮೂರು ದಿನ ಆ ಮೇಜಿನಲ್ಲಿ ಊಟ ಮಾಡಲಿಲ್ಲ. ನಿವೃತ್ತ ಹೆಡ್‌ಮಾಸ್ತರರು ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದು ಖಾಲಿ ಡಬ್ಬಿ ಕೊಟ್ಟರು: “ತುಂಬಿ ಅಂದ್ರಲ್ಲಪ್ಪ, ಎಲ್ಲಾ ತುಂಬಿದೀನಿ.” ಇನ್ನು ನೀರಿನ ಟ್ಯಾಂಕಿನ ಪಕ್ಕದ ಮನೆಯ ಅಜ್ಜಿ. ಅವಳಿಗೆ ಕೊಟ್ಟದ್ದು ಎರಡು ಡಬ್ಬಿ, ತಂದದ್ದು ಒಂದು. ಇದು ನಿಮ್ಮದಾ ಅಜ್ಜನದಾ ಎಂದರೆ, “ಇಬ್ಬರದೂ. ಐವತ್ತು ವರ್ಷದಿಂದ ಒಂದೇ ಪಾತ್ರೆ ಅಡಿಗೆ ತಿಂತಿದೀವಿ, ಇದೊಂದರಲ್ಲಿ ಬೇರೆ ಬೇರೆ ಯಾಕೆ ಮಗಾ?” ಎಂದಳು. ಜಗಲಿ ತುಂಬಾ ಜನ ಇದ್ದರು. ಕಂಪೌಂಡರ್ ಅಷ್ಟೂ ಜನರ ಮುಂದೆ ಡಬ್ಬಿ ಎತ್ತಿ ಹಿಡಿದು, ಒಬ್ಬರ ಡಬ್ಬಿಗೆ ಇನ್ನೊಬ್ಬರದು ಸೇರಿದರೆ ಏನೇನು ಅನಾಹುತ ಆಗಬಹುದೆಂದು ಕಾಲು ಗಂಟೆ ಕೊರೆದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿ ಕೇಳಿದಳು. ಅವಳು ಅಳುತ್ತಿದ್ದಾಳೆ ಎಂದುಕೊಂಡಿದ್ದ. ನಗುತ್ತಿದ್ದಳು ಎಂದು ಆಮೇಲೆ ಸಿಸ್ಟರ್ ಹೇಳಿದಳು.

ಹಾಗೆ ಕೊರೆದು ಕೊರೆದು, ಮನೆ ಮನೆಗೆ ಹೋಗಿ, ಫೋನು ಮಾಡಿ, ಗದರಿ, ಅಂಗಲಾಚಿ, ನಾಲ್ಕನೆಯ ತಿಂಗಳಿಗೆ ಜಗಲಿಯ ಕಪ್ಪು ಹಲಗೆಯ ಮೇಲೆ ‘ಕೊಟ್ಟ ಡಬ್ಬಿ 100, ಬಂದ ಡಬ್ಬಿ 59’ ಎಂದು ಅವನೇ ಸೀಮೆಸುಣ್ಣದಲ್ಲಿ ಬರೆದ. ತಿಂಗಳು ಮುಗಿಯಲು ಇನ್ನೊಂದೇ ದಿನ. ಅರವತ್ತು ಮುಟ್ಟಿದರೆ ಈ ಕೆಲಸವನ್ನು ಸುತ್ತಲಿನ ಎಲ್ಲಾ ಕೇಂದ್ರಗಳಲ್ಲೂ ಶುರು ಮಾಡುತ್ತೇವೆ ಎಂದು ಮೇಲಿನವರು ಮಾತು ಕೊಟ್ಟಿದ್ದರು. ಡಾಕ್ಟರಮ್ಮ, ಅವನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು ಅಷ್ಟೆ, ಹಲಗೆಯ ಮುಂದೆ ನಿಂತು, “ಒಂದೇ ಒಂದು! ಕೊಡೋರು ಯಾರಾದ್ರೂ ಉಳಿದಿದಾರಾ ಕಂಪೌಂಡರೇ? ನಿಮ್ಮದೂ ನಿಮ್ಮ ಮನೆಯವರದೂ ಆಗಿದೆ ತಾನೇ?” ಎಂದಳು. “ಅವಳದು ನಾಳೆ ಬೆಳಗ್ಗೆ ತರ್ತೀನಿ ಮೇಡಂ,” ಎನ್ನಬಹುದಿತ್ತು. ಅಷ್ಟೇ ನಿಜ, ಅಷ್ಟೇ ಸಾಕೂ ಆಗಿತ್ತು. ಆದರೆ ‘ನಿಮ್ಮದು’ ಎಂಬುದಕ್ಕೆ ಉತ್ತರ ಹೇಳದೆ ಬಿಡುವುದು ಹೇಗೆ? “ಎರಡೂ ತರ್ತೀನಿ,” ಎಂದುಬಿಟ್ಟ. ಅವನ ಡಬ್ಬಿ ಮನೆಯ ಕನ್ನಡಿಯ ಹಿಂದೆ ಮೂರು ತಿಂಗಳಿಂದ ಇತ್ತು. ದಿನಾ ತಲೆ ಬಾಚುವಾಗ ಕನ್ನಡಿ ಒಂದಿಷ್ಟು ಮುಂದೆ ಬಾಗಿರುವುದು ಕಾಣುತ್ತಿತ್ತು.

ಮಾರನೆಯ ಬೆಳಗ್ಗೆ ಹೆಂಡತಿ ಡಬ್ಬಿ ಕಾಗದ ಹಿಡಿದು ಒಳಗೆ ಹೋದಾಗ ಅವನು ಕಕ್ಕಸಿನ ಬಾಗಿಲ ಮುಂದೆ ಎರಡು ಸಲ ಆಚೆ ಈಚೆ ನಡೆದ. ಆಮೇಲೆ ಕೆಮ್ಮಿದ. ಆಮೇಲೆ ಬಾಗಿಲ ಸಂದಿಯಲ್ಲಿ ತನ್ನ ಡಬ್ಬಿ ತೂರಿಸಿದ. “ಇವಳೇ, ನನಗೆ ಇವತ್ತು ಆಗ್ತಿಲ್ಲ. ಸ್ವಲ್ಪ ಇದಕ್ಕೂ…” ಆಮೇಲೆ ಅವಳು ನಕ್ಕ ನಗು! ಗೋಡೆ ಹಿಡಿದುಕೊಂಡು ನಕ್ಕಿರಬೇಕು. “ಮದುವೆ ಆದಾಗಿಂದ ಏನೇನೋ ಕೇಳಿದೀರಿ,” ಎಂದಳು, “ಇದೊಂದು ಬಾಕಿ ಇತ್ತು ನೋಡಿ.” ಆದರೂ ಡಬ್ಬಿ ತೆಗೆದುಕೊಂಡಳು. ಅವನಿಗೆ ಹೊಟ್ಟೆ ಕಟ್ಟಿದೆ ಎಂದೇ ಅವಳು ನಂಬಿದ್ದಳು. ಹಲಗೆಯ ಮೇಲೆ 61 ಬರೆಯುವುದಿತ್ತು, ಆದರೆ ಮೊದಲೇ ಲೆಕ್ಕಕ್ಕೆ ಸೇರಿದ್ದ ಒಂದು ಡಬ್ಬಿ ಸೋರಿತ್ತೆಂದು ಬಿಟ್ಟು, 60 ಎಂದು ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀಮೆಸುಣ್ಣದ ಧೂಳು ಅಂಗಿಯ ತೋಳಿನಲ್ಲಿ ಸಂಜೆಯವರೆಗೂ ಇತ್ತು.

ಇವತ್ತು ಫಲಿತಾಂಶದ ಲಕೋಟೆ ಮೇಜಿನ ಮೇಲಿತ್ತು. ಅದನ್ನು ಒಡೆದು ರಿಜಿಸ್ಟರಿಗೆ ಏರಿಸುವುದು ಅವನದೇ ಕೆಲಸ. ಎರಡು ಪುಟ, ಮೊದಲು ಗಂಡಸರು, ಹಿಂದೆ ಹೆಂಗಸರು. ಗಂಡಸರ ಪಟ್ಟಿಯ ಏಳನೆಯ ಹೆಸರು ಅವನದು, ಅದರ ಮುಂದೆ ‘ರಕ್ತ ಕಂಡುಬಂದಿದೆ.’ ಕುರ್ಚಿ ಎಳೆದುಕೊಂಡ. ಆಗ, ಅದು ನನ್ನದಲ್ಲವಲ್ಲ ಎಂಬ ಯೋಚನೆ ಬಂತು. ಚಳಿಯಲ್ಲಿ ನಡೆದು ಬಂದವನೊಳಗೆ ಬಿಸಿ ಕಾಫಿ ಇಳಿದಂತೆ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ ಇಳಿಯಿತು. ನನ್ನದಲ್ಲ. ನಾನು ಕೊಟ್ಟೇ ಇಲ್ಲ. ಆ ಸುಖದಲ್ಲೇ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದ, ಹೆಂಗಸರ ಪಟ್ಟಿಯಲ್ಲಿ ಹೆಂಡತಿಯ ಹೆಸರು ಕಂಡಿತು, ಮುಂದೆ ‘ರಕ್ತ ಕಂಡುಬಂದಿಲ್ಲ’ ಎಂದಿತ್ತು, ಅದನ್ನೂ ಸಮಾಧಾನದಿಂದಲೇ ಓದಿದ, ಮತ್ತು ಓದಿ ಮುಗಿಯುವ ಹೊತ್ತಿಗೆ ಆ ಕಾಫಿ ಕಾಲಿನಲ್ಲೇ ತಣ್ಣಗಾಗಿ ನಿಂತಿತು. ಎರಡೂ ಡಬ್ಬಿ ಅವಳದು. ಒಂದು ಕಡೆ ಗೀರಿದ್ದರಲ್ಲಿ ಇಲ್ಲ, ಇನ್ನೊಂದು ಕಡೆ ಗೀರಿದ್ದರಲ್ಲಿ ಇದೆ. ರಕ್ತ ಎಲ್ಲಾ ಕಡೆ ಒಂದೇ ಸಮ ಇರಲ್ಲ. ತೋರುಬೆರಳು ಇನ್ನೂ ಎಂಜಲಾಗಿತ್ತು.

ಅವಳ ಹೆಸರಿನ ಮುಂದೆ ಇಲ್ಲ ಎಂದಿದೆಯಲ್ಲ, ಎಂದು ಮನಸ್ಸಿನ ಒಂದು ಮೂಲೆ ಆಗಲೇ ಗುಮಾಸ್ತನ ಹಾಗೆ ಕನ್ನಡಕ ಏರಿಸಿಕೊಂಡು ವಾದಕ್ಕೆ ಕೂತಿತ್ತು. ಕಾಗದವೇ ಹೇಳುತ್ತಿದೆ. ನಾನು ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರಾಯಿತು, ಹೇಗಿದ್ದರೂ ಮಾಡಿಸಬೇಕಿತ್ತು. ಅವಳಿಗೆ ಮುಂದಿನ ತಿಂಗಳು ಏನೋ ಒಂದು ನೆಪ ಹೇಳಿ ಇನ್ನೊಂದು ಡಬ್ಬಿ ಕೊಟ್ಟರೆ… ಅಷ್ಟರಲ್ಲಿ ಹಿಂದಿನಿಂದ ಯಾರೋ ಉಸಿರೆಳೆದರು. ಸಿಸ್ಟರ್ ಇವನ ಭುಜದ ಮೇಲಿಂದ ಪಟ್ಟಿ ನೋಡುತ್ತಿದ್ದಳು.

“ಅಯ್ಯೋ, ನಿಮಗೇನಾ? ಊರಿಗೆಲ್ಲಾ ಹೇಳೋರಿಗೇನಾ?” ಎಂದವಳೇ ಕಾರಿಡಾರಿಗೆ ಹೋಗಿ ಗಟ್ಟಿಯಾಗಿ ಮೂಗು ಸೀನಿಕೊಂಡಳು. ಯಾರ ಫಲಿತಾಂಶವನ್ನೂ ಬಾಯಿಬಿಡಬಾರದು ಎಂಬ ಕಟ್ಟಳೆಯನ್ನು ಗೋಡೆಗೆ ಅಂಟಿಸಿದವಳು ಅವಳೇ. ಆದರೆ ಅಳುವುದಕ್ಕೆ ಕಟ್ಟಳೆ ಇರಲಿಲ್ಲ. ಯಾಕೆ ಸಿಸ್ಟರ್ ಎಂದು ಕೇಳಿದವರಿಗೆ ಏನೂ ಇಲ್ಲ ಎನ್ನುತ್ತಾ ಕಂಪೌಂಡರ್ ಕೋಣೆಯ ಕಡೆ ನೋಡಿದಳು, ಅಷ್ಟೆ.

ಡಾಕ್ಟರಮ್ಮ ಬಾಗಿಲು ಮುಚ್ಚಿ ಅವನನ್ನು ರೋಗಿಗಳ ಸ್ಟೂಲಿನ ಮೇಲೆ ಕೂರಿಸಿದಳು. ಆ ಸ್ಟೂಲು ಒಂದು ಕಡೆ ಕುಂಟುತ್ತದೆ ಎಂದು ಹದಿನೆಂಟು ವರ್ಷದಲ್ಲಿ ಅವನಿಗೆ ಇವತ್ತೇ ಗೊತ್ತಾದದ್ದು. “ರಕ್ತ ಇದೆ ಅಂದ್ರೆ ಕಾಯಿಲೆ ಇದೆ ಅಂತಲ್ಲ, ಒಳಗೆ ನೋಡಬೇಕು ಅಂತ ಅಷ್ಟೇ,” ಎಂದಳು. ಅದು ಅವನೇ ಬರೆದುಕೊಟ್ಟ ವಾಕ್ಯ. ಎಷ್ಟು ಒಣ ವಾಕ್ಯ ಎಂದು ಕೇಳಿದಾಗಲೇ ತಿಳಿಯಿತು. “ಗುರುವಾರಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದೀನಿ. ಕ್ಯಾಮೆರಾ ಇರೋ ಸಣ್ಣ ಪೈಪು, ಅರ್ಧ ಗಂಟೆ. ನಿಮಗೆ ನಾನು ಹೇಳ್ಬೇಕಾ?” ಈಗ ಹೇಳಬೇಕು, ಈಗಲೇ, ಎಂದು ಬಾಯಿ ತೆರೆದ. “ಸ್ಟೂಲು ಕುಂಟತ್ತೆ ಮೇಡಂ, ಸರಿ ಮಾಡಿಸ್ತೀನಿ,” ಎಂದು ಎದ್ದ.

ಜಗಲಿಗೆ ಬಂದರೆ ಕಟಿಂಗ್ ಶಾಪಿನವನು ನಿಂತಿದ್ದ. ನಾಲ್ಕು ತಿಂಗಳಿಂದ ಡಬ್ಬಿ ಹಿಂತಿರುಗಿಸದೆ ಸತಾಯಿಸಿದವರಲ್ಲಿ ಇವನೇ ಮೊದಲನೆಯವನು. ಕತ್ತಿ ಹಿಡಿದು ಗಲ್ಲ ಬೋಳಿಸುವಾಗಲೇ, “ನನ್ನ ಡಬ್ಬಿ ವಿಷಯ ಎತ್ತಿದ್ರೆ ಅರ್ಧ ಮೀಸೆ ಹೋಗತ್ತೆ ನೋಡಿ,” ಎಂದು ಹೆದರಿಸಿದ್ದ. ಇವತ್ತು ಕೈಯಲ್ಲಿ ಹಳೇ ಪೇಪರು ಸುತ್ತಿದ ಪೊಟ್ಟಣ.

“ತಗೊಳ್ಳಿ ಕಂಪೌಂಡರೇ. ಈಗ ತಾನೇ ಆಯ್ತು. ಇನ್ನೂ ಬಿಸಿ ಇದೆ.”

“ನೀವು ಕೊಡಲ್ಲ ಅಂದಿದ್ರಲ್ಲ.”

“ಅಂದಿದ್ದೆ. ನಿಮಗೇ ಹೀಗಾಯ್ತಂತಲ್ಲ. ಮಾಡಿಸ್ಕೊಂಡಿದ್ದಕ್ಕೆ ಗೊತ್ತಾಯ್ತು, ಇಲ್ದಿದ್ರೆ? ನಾನೂ ಅಂಗಡೀಲಿ ಕೂತು ಅದನ್ನೇ ಯೋಚನೆ ಮಾಡ್ದೆ. ಒಬ್ಬರ ಗಡ್ಡಕ್ಕೆ ಸೋಪು ಹಚ್ಚಿ ಹಾಗೇ ಬಿಟ್ಟು ಬಂದಿದೀನಿ.” ಆಮೇಲೆ ದನಿ ತಗ್ಗಿಸಿ, ಇವನ ಭುಜ ಹಿಡಿದು, “ಏನೂ ಆಗಲ್ಲ. ಮೀಸೆ ಚೆನ್ನಾಗಿ ಟ್ರಿಮ್ ಮಾಡ್ತೀನಿ ಬನ್ನಿ, ಆಸ್ಪತ್ರೆಗೆ ಹೋಗೋ ಮುಂಚೆ,” ಎಂದ.

ಮಧ್ಯಾಹ್ನದ ಹೊತ್ತಿಗೆ ಆರು ಡಬ್ಬಿ ಬಂದವು. ನಾಲ್ಕು ತಿಂಗಳ ಗಂಟಲು ಹರಿಯುವ ಪಾಠಕ್ಕೆ ಮಣಿಯದವರು ಒಂದು ಸುಳ್ಳು ಹೆಸರಿಗೆ ಮಣಿದು ಸಾಲಾಗಿ ಬಂದು ಡಬ್ಬಿ ಇಟ್ಟು, ಸತ್ತವರ ಮನೆಗೆ ಬಂದವರಂತೆ ಇವನ ಮುಖವನ್ನೊಮ್ಮೆ ನೋಡಿ ಹೋದರು. ಸಿಸ್ಟರ್ ಹಲಗೆಯ ಮೇಲೆ 66 ಎಂದು ಬರೆದು ಪಕ್ಕದಲ್ಲೊಂದು ಹೂವು ಬಿಡಿಸಿದಳು. ಡಾಕ್ಟರಮ್ಮನ ಕಣ್ಣಿನಲ್ಲಿ ನೀರು. “ನಿಮ್ಮಿಂದ ಕಂಪೌಂಡರೇ. ನೋಡಿ, ನಿಮ್ಮಿಂದ,” ಎಂದಳು. ನಿಜ ಹೇಳಿದರೆ ಈ ಆರೂ ಜನ ಡಬ್ಬಿ ವಾಪಸು ಕೇಳುತ್ತಾರೇನೋ, ಎಂದು ಆ ಒಳಗಿನ ಗುಮಾಸ್ತ ಕಡತದ ಮೇಲೆ ಬೆರಳಿಟ್ಟು ತೋರಿಸಿದ. ಊರಿನ ಹಿತಕ್ಕಾಗಿ ಸುಮ್ಮನಿರಬೇಕಾದ ಪ್ರಸಂಗಗಳೂ ಇರುತ್ತವೆ. ಕಂಪೌಂಡರ್ ಊಟಕ್ಕೆ ಮನೆಗೆ ಹೊರಟ. ಊರಿನ ಹಿತ ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಹೆಂಡತಿ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಸುತ್ತ ನೀಲಿ ಬಟ್ಟೆಯ ರಾಶಿ, ನಡುವೆ ಅವಳ ತಲೆ ಮತ್ತು ಮೆಷಿನ್ನು ಮಾತ್ರ ಕಾಣುತ್ತಿತ್ತು. ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ “ಕೈ ತೊಳೀರಿ” ಎಂದಳು. ಅವಳಿಗೆ ಗೊತ್ತಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ಗೊತ್ತಿದ್ದರೆ ಸೂಜಿ ಹೀಗೆ ಅಲ್ಲಾಡದೆ ಇರುತ್ತಿತ್ತೇ? ಊಟಕ್ಕೆ ಕೂತ. ಅವಳು ಬಡಿಸಿದಳು. ತುಂಬಾ ದಿನದ ಮೇಲೆ ಅವಳ ಕೈಯನ್ನು ನೋಡಿದ. ಬಲಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಕುತ್ತಿಗೆಯ ಹತ್ತಿರ ರವಿಕೆ ಸಡಿಲವಾಗಿದೆ, ಯಾವಾಗಿನಿಂದ? ಸೊರಗಿದ್ದಾಳಾ, ಅಥವಾ ಹಳೆಯ ರವಿಕೆಯಾ? ಇನ್ನೊಬ್ಬರ ತೂಕ ಇಳಿದಿದೆಯೇ ಎಂದು ಕೇಳಿ ಕೇಳಿ ಬರೆದುಕೊಳ್ಳುವವನಿಗೆ ತನ್ನ ಮನೆಯ ಹೆಂಗಸು ಸೊರಗಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಹೇಳಬೇಕು. ಈ ತುತ್ತು ನುಂಗಿ ಹೇಳಬೇಕು. ಅಣ್ಣ ಕೊನೆಗೆ ಆಸ್ಪತ್ರೆಯ ಮಂಚದಲ್ಲಿ, “ನೀನಾದ್ರೂ ಗದರಿಸಿ ಕರ್ಕೊಂಡು ಬರ್ಬೇಕಿತ್ತು ಕಣೋ” ಎಂದಿದ್ದ, ತಮಾಷೆಗೆ ಅಂದಹಾಗೆ. “ಇನ್ನೊಂದು ಸ್ವಲ್ಪ?” ಎಂದು ಅವಳು ಕೇಳಿದಳು. “ಹಾಕು,” ಎಂದ.

ಕೈ ತೊಳೆದು, ಒರೆಸಿ, ಟವೆಲು ಮಡಿಸಿ, ಮಡಿಸಿದ್ದನ್ನು ಬಿಚ್ಚಿ, “ಇವಳೇ,” ಎಂದ. “ಆ ದಿನ ನನ್ನ ಡಬ್ಬೀಲಿ ನಿಂದು ಕೊಟ್ಟಿದ್ದೆಯಲ್ಲ. ಅದರಲ್ಲಿ ರಕ್ತ ಬಂದಿದೆ.”

ಆಗಲೇ ಮೆಷಿನ್ನಿಗೆ ಮರಳಿದ್ದ ಅವಳು ಸೂಜಿಗಳನ್ನು ತುಟಿಯಿಂದ ತೆಗೆದು ಒಂದೊಂದಾಗಿ ಸೂಜಿಮೆತ್ತೆಗೆ ಚುಚ್ಚಿದಳು.

“ಗೊತ್ತು. ಹತ್ತೂವರೆಗೇ ಸಿಸ್ಟರ್ ಫೋನ್ ಮಾಡಿದ್ರು. ‘ನಿಮ್ಮ ಯಜಮಾನರಿಗೆ ಹೀಗಾಗಿದೆ, ಧೈರ್ಯ ತಗೊಳ್ಳಿ’ ಅಂತ ಒಂದೇ ಸಮ ಅತ್ರು. ನಾನೇ ಸಮಾಧಾನ ಮಾಡ್ದೆ.”

“ಮತ್ತೆ… ಯಾಕೆ ಸುಮ್ನಿದ್ದೆ?”

“ಊಟಕ್ಕೆ ಮುಂಚೆ ಹೇಳ್ತೀರೋ, ಊಟ ಆದ್ಮೇಲೆ ಹೇಳ್ತೀರೋ ನೋಡೋಣ ಅಂತ.” ಅವಳು ಮಡಿಲಿನ ನೀಲಿ ಅಂಗಿಯ ಕಾಲರು ನೇರ ಮಾಡಿದಳು. “ಎರಡನೇ ಸಲ ಹಾಕಿಸ್ಕೊಂಡಾದ್ಮೇಲೆ ಹೇಳಿದ್ರಿ.”

ಕಂಪೌಂಡರ್ ಗೋಡೆಯ ಕಡೆ ತಿರುಗಿದ. ಕನ್ನಡಿ ಗೋಡೆಗೆ ನೆಟ್ಟಗೆ ಅಂಟಿಕೊಂಡಿತ್ತು, ಹಿಂದೆ ಏನೂ ಇಲ್ಲದೆ.

“ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ,” ಎಂದಳು. ಈಗ ದನಿಯಲ್ಲಿ ಕೀಟಲೆ ಇರಲಿಲ್ಲ. “ಕಾಗದ ನೋಡಿದ ತಕ್ಷಣ, ಅಬ್ಬಾ ನಂದಲ್ವಲ್ಲ ಅನ್ನಿಸ್ತಾ?”

“…ಅನ್ನಿಸ್ತು.”

“ಎಷ್ಟು ಹೊತ್ತು?”

“ಪುಟ ತಿರುಗಿಸೋ ಅಷ್ಟು ಹೊತ್ತು.”

ಅವಳು ಮೆಷಿನ್ನಿನ ಚಕ್ರವನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದಳು, ಆ ಹೊತ್ತು ಎಷ್ಟೆಂದು ಅಳೆಯುವವಳಂತೆ. ಕಣ್ಣು ತುಂಬಿತ್ತು. ಅದು ಕೆಳಗೆ ಬೀಳುವ ಮೊದಲೇ ಮಗುವಿನ ಯೂನಿಫಾರ್ಮಿನ ತೋಳಿನಿಂದ ಒರೆಸಿಕೊಂಡಳು. “ಸದ್ಯ, ದಪ್ಪ ಪುಸ್ತಕ ಆಗಿರ್ಲಿಲ್ಲ,” ಎಂದಳು. ಆಮೇಲೆ, “ನಿಮ್ಮದು ಯಾಕೆ ಕೊಡ್ಲಿಲ್ಲ? ಹೊಟ್ಟೆ ಕಟ್ಟಿರ್ಲಿಲ್ಲ ತಾನೇ ಆವತ್ತು?”

“ಇಲ್ಲ.”

“ಬೀಟ್‌ರೂಟಾ?”

ಅವನು ತಲೆ ತಗ್ಗಿಸಿದ. ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. “ನಡೀರಿ. ಇದನ್ನ ನಾನು ಒಬ್ಬಳೇ ಕೇಳಿದ್ರೆ ಸಾಲಲ್ಲ.”

ದಾರಿಯಲ್ಲಿ ಸಿಕ್ಕವರೆಲ್ಲಾ ಅವನ ಕೈ ಹಿಡಿದರು, ಅವಳ ಕಡೆ ತಿರುಗಿ, “ಚೆನ್ನಾಗಿ ನೋಡ್ಕೊಳ್ಳಿ ಅಮ್ಮಾ ಇವರನ್ನ,” ಎಂದರು. ಅವಳು ಪ್ರತಿಯೊಬ್ಬರಿಗೂ “ನೋಡ್ಕೋತೀನಿ, ನೋಡ್ಕೋತೀನಿ” ಎಂದಳು. ಮೂರನೆಯವರು ಹಾಗೆ ಹೇಳಿ ಹೋದ ಮೇಲೆ ಅವನಿಗೆ ನಡೆಯುವುದೇ ಕಷ್ಟವಾಯಿತು. ಅವಳು ಮುಂದೆ ಹೋಗಿದ್ದಳು. ಹಿಂತಿರುಗಿ ನಿಂತು, “ಬನ್ನಿ ಬನ್ನಿ, ಕಾಯಿಲೆಯವರ ಹಾಗೆ ನಡೀಬೇಡಿ,” ಎಂದಳು.

ಡಾಕ್ಟರಮ್ಮ ಪೂರ್ತಿ ಕೇಳಿದಳು. ಅವಳಿಗೆ ಮೊದಲು ನಗು ಬಂದಿತು, ಆಮೇಲೆ ಸಿಟ್ಟು. ಎರಡನ್ನೂ ಒಟ್ಟಿಗೆ ತಡೆಯಲು ಪೆನ್ನಿನ ಮುಚ್ಚಳವನ್ನು ನಾಲ್ಕು ಸಲ ಹಾಕಿ ತೆಗೆದಳು. ಅವನ ಹೆಸರು ಹೊಡೆದು ಹಾಕಿ ಅದೇ ಗುರುವಾರಕ್ಕೆ ಅವನ ಹೆಂಡತಿಯ ಹೆಸರು ಬರೆದಳು. “ಬೇಗ ಗೊತ್ತಾಗಿದೆ ಅಮ್ಮಾ. ಹೆಚ್ಚಿನವರಿಗೆ ಏನೂ ಸಿಗಲ್ಲ, ಸಿಕ್ಕರೂ ಸಣ್ಣ ಗಂಟು ಇರತ್ತೆ, ತೆಗೆದುಹಾಕ್ತಾರೆ,” ಎಂದು ಅವಳಿಗೆ ಹೇಳಿ, ಇವನ ಕಡೆ ತಿರುಗಿದಳು. “ನಿಮಗೆ ರಕ್ತ ಕಂಡಿತ್ತಾ?”

“ಒಂದೇ ಸಲ, ಮೂರು ತಿಂಗಳ ಕೆಳಗೆ. ಆಮೇಲೆ ಇಲ್ಲ.”

“ಕಂಡಿಲ್ವಾ, ನೋಡಿಲ್ವಾ?”

ಹೊರಗೆ ಯಾರದೋ ಮಗು ಚುಚ್ಚುಮದ್ದಿಗೆ ಮುಂಚೆಯೇ ಅಳುತ್ತಿತ್ತು.

“ನೋಡಿಲ್ಲ.”

“ರಕ್ತ ಕಣ್ಣಿಗೆ ಕಂಡೋರು ಡಬ್ಬಿ ನೆಚ್ಕೊಂಡು ಕೂರಬಾರದು, ನೇರ ಬಂದು ಹೇಳ್ಬೇಕು. ಇದೂ ನಿಮ್ಮ ಪಾಠದಲ್ಲೇ ಇದೆ. ನಾಳೆ ಬೆಳಗ್ಗೆ ನೋಡಿ, ಬಂದು ಹೇಳಿ. ಇದ್ರೂ ಇಲ್ದಿದ್ರೂ ನಿಮಗೂ ಒಳಗೆ ನೋಡ್ಸೋದೇ.” ಅವಳು ಪೆನ್ನು ಕೆಳಗಿಟ್ಟಳು. “ಆ ಹಲಗೆ ನೀವೇ ಸರಿ ಮಾಡಿ.”

ಜಗಲಿಯಲ್ಲಿ ಸಂಜೆಯ ಜನ. ಕಂಪೌಂಡರ್ ಒರೆಸುವ ಬಟ್ಟೆ ಹಿಡಿದು 66ರ ಎರಡನೆಯ ಆರನ್ನು ಒರೆಸಿದ, ಅದರ ಜಾಗದಲ್ಲಿ 5 ಬರೆದ. ಸಿಸ್ಟರ್ ಬಿಡಿಸಿದ ಹೂವಿನ ಅರ್ಧ ಅಳಿಸಿಹೋಯಿತು. ಕಟಿಂಗ್ ಶಾಪಿನವನು ಬೆಂಚಿನಿಂದ ಎದ್ದ. “ಏನ್ರೀ ಇದು, ಒಂದು ಕಡಿಮೆ? ನಂದು ಸೋರಿತಾ?”

“ನಿಮ್ಮದಿದೆ. ಅರವತ್ತನೇದು ನನ್ನ ಹೆಸರಲ್ಲಿತ್ತಲ್ಲ, ಅದು ನಂದಲ್ಲ. ನಾನು ಕೊಟ್ಟೇ ಇಲ್ಲ. ಹೆದರಿ ಬೇರೆಯವರದು ತುಂಬಿಸಿಕೊಂಡು ಬಂದಿದ್ದೆ.” ಅಷ್ಟನ್ನು ಹಲಗೆಗೇ ಹೇಳಿದ, ತಿರುಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅಜ್ಜಿ ಅಲ್ಲೇ ಮೂಲೆಯಲ್ಲಿ ಕೂತಿದ್ದಳು, ಮೊದಲಿನ ಹಾಗೆಯೇ ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಸೆರಗು ಸರಿಸಿದಳು.

“ಒಂದೇ ಪಾತ್ರೆ ಅಡಿಗೆ ಅಂದಿದ್ದಕ್ಕೆ ಅಷ್ಟು ಜನರ ಮುಂದೆ ಬೈದೆಯಲ್ಲೋ ಮಗಾ.”

ಜಗಲಿ ಬಿರಿಯುವಂತೆ ನಗು ಎದ್ದಿತು. ಕಂಪೌಂಡರ್ ಕಿವಿ ಕೆಂಪಾಯಿತು, ಬೆನ್ನು ಬೆವರಿತು, ಹೆಂಡತಿ ಎಲ್ಲಿದ್ದಾಳೆಂದು ಹುಡುಕಿದ; ಅವಳು ಬಾಗಿಲಿಗೆ ಒರಗಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಆ ಕೈ ಅಲ್ಲಿರುವುದು ನಗುವಿಗೋ ಇನ್ನೊಂದಕ್ಕೋ ಎಂದು ಅವನು ನೋಡುತ್ತಲೇ ಇದ್ದ. ಕಟಿಂಗ್ ಶಾಪಿನವನು ಮಾತ್ರ ನಗದೆ ಹತ್ತಿರ ಬಂದ. “ಅಂದ್ರೆ ನಿಮಗೂ ಹೆದರಿಕೆ ಆಗಿತ್ತಾ?” ಎಂದ. “ನನಗೊಬ್ಬನಿಗೇ ಅಂದ್ಕೊಂಡಿದ್ದೆ.” ಯಾರೂ ಡಬ್ಬಿ ವಾಪಸು ಕೇಳಲಿಲ್ಲ. ಕಟಿಂಗ್ ಶಾಪಿನವನು ಇನ್ನೊಂದು ಡಬ್ಬಿ ಇಸಿದುಕೊಂಡು ಹೋದ, ಬೆಳಗ್ಗೆ ಸೋಪು ಹಚ್ಚಿಸಿಕೊಂಡು ಕೂತಿದ್ದವನಿಗೆ.

ಬೆಳಗ್ಗೆ ಬೆಳಕಿಂಡಿಯಲ್ಲಿ ಜೇಡ ಇತ್ತು. ಕಂಪೌಂಡರ್ ಅಭ್ಯಾಸಬಲದಿಂದ ಅದನ್ನೇ ನೋಡುತ್ತಾ ಕೂತ. ಎದ್ದ. ಕೈ ಚೊಂಬಿಗೆ ಹೋಯಿತು. ಚೊಂಬು ಬಕೆಟ್ಟಿನಲ್ಲಿರಲಿಲ್ಲ. ಎಡಕ್ಕೆ ತಡಕಿದ, ಬಲಕ್ಕೆ ತಡಕಿದ.

“ಚೊಂಬು ನನ್ನ ಹತ್ರ ಇದೆ,” ಎಂದಳು ಹೆಂಡತಿ, ಬಾಗಿಲಿನಾಚೆ. “ನೋಡಿದ್ರಾ?”

“ಚೊಂಬು ಕೊಡೇ.”

“ನೋಡಿದ್ರಾ?”

ಅವನು ಜೇಡದಿಂದ ಕಣ್ಣು ಕಿತ್ತ. ಗೋಡೆಯುದ್ದಕ್ಕೂ ಇಳಿಸಿದ, ಸುಣ್ಣ ಬಿರುಕು ಬಿಟ್ಟ ಜಾಗ, ಮಗಳು ಚಿಕ್ಕವಳಿದ್ದಾಗ ಇದ್ದಿಲಿನಲ್ಲಿ ಬರೆದ ಬೆಕ್ಕು, ನಲ್ಲಿ, ಒದ್ದೆ ನೆಲ. ಆಮೇಲೆ ಬಗ್ಗಿದ. ಬಗ್ಗಿ ನೋಡುವುದಕ್ಕೆ ಅಷ್ಟೇನೂ ಹೊತ್ತು ಬೇಕಾಗಲಿಲ್ಲ. ಪುಟ ತಿರುಗಿಸುವಷ್ಟು.

“ಹೂಂ,” ಎಂದ. “ಇದೆ.”

ಬಾಗಿಲಿನ ಹಲಗೆಗೆ ಅವಳು ಆಚೆಯಿಂದ ಒರಗಿಕೊಂಡದ್ದು ಗೊತ್ತಾಯಿತು; ಚಿಲಕ ಸಣ್ಣಗೆ ಕಿಣಿಗುಟ್ಟಿತು. ಅವನೂ ಈಚೆ ಕಡೆಯಿಂದ ಅದೇ ಜಾಗಕ್ಕೆ ಕೈಯಿಟ್ಟ.

“ನಿನ್ನೆ ಏನು ಮಾಡಿದ್ದೆ ನಾನು?” ಎಂದಳು ಕೊನೆಗೆ.

“ಕ್ಯಾರೆಟ್ಟು,” ಎಂದ.

“ಕ್ಯಾರೆಟ್ಟು.” ಬಾಗಿಲು ಬೆರಳಗಲ ತೆರೆದು ಚೊಂಬು ಒಳಗೆ ಬಂತು, ಅದರ ಹಿಂದೆ ಒರಟು ತುದಿಯ ತೋರುಬೆರಳು. “ಸರಿ. ಗುರುವಾರ ಇಬ್ಬರೂ ಹೋಗೋಣ. ಈಗ ಬೇಗ ಹೊರಗೆ ಬನ್ನಿ, ನಂಗೂ ಅರ್ಜೆಂಟಾಗಿದೆ.”